ಗುಂಡಿನ ತಳದಲ್ಲಿ ಮೂರು ಅರ್ಧಚಂದ್ರ

“ಮೂವತ್ತಾರು ವರ್ಷ ಅಲ್ಲಾಡಿಸಿದಾಗೆಲ್ಲ ಕಿಣಿಕಿಣಿ ಅಂತಿತ್ತು. ವಿಜಯವಾಡಕ್ಕ ಹೋಗಿ ಬಂದದ್ದೇ ಬಂದದ್ದು, ಬಾಯಿ ಹೊಲಕೊಂಡು ಕುಂತೈತಿ. ಯಾಕಂತ ಕೇಳ್ತೀನಿ!”

ಸೂರ್ಯಕಾಂತಮ್ಮ ತೋಪಿನ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು, ಕೂಸನ್ನು ಆಡಿಸುವ ಹಾಗೆ ಕಿವಿಯ ಪಕ್ಕ ಕುಲುಕಿದರು. ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದೆವು. ಕೇಳಿಸಿದ್ದು ಗೋಡೆಯಾಚೆ ಹಾದುಹೋದ ಆಟೋದ ಹಾರ್ನ್ ಮಾತ್ರ.

“ಯಾಕೆ ಅಂದ್ರೆ ಒಳಗಿದ್ದ ಮೂಗುಬೊಟ್ಟು ಹೋಗಿದೆ, ದೊಡ್ಡಮ್ಮಾ,” ಎಂದ ತಿರುಮಲೇಶ್. ಅವನು ಅವರ ತಂಗಿಯ ಮಗ. ಈ ಪುಟ್ಟ ಮ್ಯೂಸಿಯಮ್ಮಿನ ಕಾರ್ಯದರ್ಶಿ. ಮಾತಾಡುವಾಗಲೂ ಬೆರಳು ಮಡಚಿ ಅಂಶಗಳನ್ನು ಎಣಿಸುವ ಮನುಷ್ಯ. “ವಿಜಯವಾಡಕ್ಕೆ ಇದರ ಜೊತೆ ಹೋದವನು ಯಾರು? ಬಾಬ್ಜಿ. ವಾಪಸ್ ತಂದವನು ಯಾರು? ಬಾಬ್ಜಿ. ಇದನ್ನ ಬಿಚ್ಚೋದು ಗೊತ್ತಿರೋನು ಯಾರು? ಬಾಬ್ಜಿ. ಕಂಪ್ಲೇಂಟ್ ಟೈಪ್ ಆಗಿದೆ. ಒಂದು ಗಂಟೆಗೆ ಸ್ಟೇಷನ್ನಿಗೆ ಕೊಟ್ಟು ಬರ್ತೀನಿ.”

ಗೋಡೆಯ ಮೇಲಿನ ಹಡಗಿನ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

“ಒಂದು ಗಂಟೆಗಾ?” ಎಂದರು ನಮ್ಮತ್ತೆ, ಮೂಲೆಯ ಬೆಂಚಿನಿಂದ. “ಹಂಗಾದ್ರೆ ಬೇಕಾದಷ್ಟು ಟೈಮೈತೆ ಬಿಡ್ರಿ. ಒಂದು ಟೀ ಕುಡಿಯೋಣ.”

ನಮ್ಮತ್ತೆ ಅನ್ನಪೂರ್ಣಮ್ಮನನ್ನು ಹೊಸದಾಗಿ ನೋಡುವವರು ಯಾರೂ ಪತ್ತೇದಾರಿ ಎನ್ನುವುದಿಲ್ಲ. ಹರಿಹರದ ಐಟಿಐಯಲ್ಲಿ ಮೂವತ್ತೊಂದು ವರ್ಷ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾದವರು. ದುವ್ವಾಡದ ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದ ನನಗೆ, ಅಂದರೆ ಸುಮಂತನಿಗೆ, ನಾಲ್ಕು ದಿನ ರೊಟ್ಟಿ ಬಡಿದು ಹಾಕಿ ಹೋಗುತ್ತೇನೆಂದು ಬಂದವರು, ಬಂದ ಮೂರನೇ ವಾರದಲ್ಲೇ ಈ ಕಳುವಿನ ಹಿಂದೆ ಬಿದ್ದಿದ್ದರು. ಅವರ ಕೈಚೀಲದಲ್ಲಿ ಭೂತಗನ್ನಡಿಯೂ ಇರುತ್ತದೆ, ಶೇಂಗಾ ಚಟ್ನಿಪುಡಿಯ ಡಬ್ಬಿಯೂ ಇರುತ್ತದೆ. ಯಾವುದು ಯಾವಾಗ ಹೊರಬರುತ್ತದೆ ಎಂದು ಹೇಳಲಾಗುವುದಿಲ್ಲ.

ಬಾಬ್ಜಿ ಟೀ ತರಲು ಎದ್ದ. ಮ್ಯೂಸಿಯಮ್ಮಿನ ಸಾಮಾನು ನೋಡಿಕೊಳ್ಳುವ ಅರವತ್ತಾರರ ಆಸಾಮಿ, ತೆಳ್ಳಗೆ, ನೆಟ್ಟಗೆ. ಬೆಳಗಿನಿಂದ ಅವನು ಆಡಿದ್ದು ನಾಲ್ಕೇ ಮಾತು. ಅವನ ಸೈಕಲ್ಲು ಗೇಟಿನ ಹತ್ತಿರ ನಿಂತಿತ್ತು. ಅದರ ಕ್ಯಾರಿಯರಿಗೆ ಹೊಸ ಬಿದಿರ ಬುಟ್ಟಿಯೊಂದನ್ನು ಹಗ್ಗದಿಂದ ಕಟ್ಟಿದ್ದ. ಬುಟ್ಟಿಯ ಒಂದು ಬದಿಗೆ ಆಗಲೇ ಅರಿಶಿನ ಬಳಿದಿತ್ತು, ಇನ್ನೊಂದು ಬದಿ ಬೋಳು.

ಆ ಬುಟ್ಟಿಯ ಮೇಲೆ ನನಗೆ ಬೆಳಗಿನಿಂದ ಕಣ್ಣು. ಮುಂದಿನ ಗುರುವಾರ ಸಿಂಹಾಚಲಂ ಬೆಟ್ಟದ ಮೇಲೆ ಸೂರ್ಯಕಾಂತಮ್ಮನವರ ಮೊಮ್ಮಗಳು ಹಿಮಬಿಂದುವಿನ ಮದುವೆ. ಈ ಕಡೆ ವಧುವನ್ನು ಬುಟ್ಟಿಯಲ್ಲಿ ಕೂರಿಸಿ ಸೋದರಮಾವ ಮಂಟಪಕ್ಕೆ ಹೊತ್ತು ತರುವುದು ಪದ್ಧತಿ. ಹಿಮಬಿಂದುವಿಗೆ ಸೋದರಮಾವ ಇಲ್ಲ. “ಬಾಬ್ಜಿ ಮಾಮಯ್ಯನೇ ಹೊರಬೇಕು, ಇಲ್ಲದಿದ್ರೆ ನಾನು ಬುಟ್ಟಿಯಲ್ಲೇ ಕೂರಲ್ಲ,” ಎಂದು ಅವಳು ಹಟ ಹಿಡಿದು ವರ್ಷವಾಗಿತ್ತಂತೆ. ಒಂದು ಗಂಟೆಗೆ ಆ ಕಾಗದ ಸ್ಟೇಷನ್ ಸೇರಿತೆಂದರೆ, ಬುಟ್ಟಿಯ ಇನ್ನೊಂದು ಬದಿಗೆ ಅರಿಶಿನ ಬಳಿಯುವವರು ಯಾರು?

“ನನಗೂ ಒಂದು ಟೀ ಇರಲಿ ಬಾಬ್ಜಿಗಾರೂ, ಸಕ್ಕರೆ ಕಮ್ಮಿ,” ಎಂದ ಸುಮುಖ. ಮೈಸೂರಿನವನು, ವಿಜಯವಾಡದಲ್ಲಿ ಪ್ರದರ್ಶನ, ಸಮಾರಂಭ ನಡೆಸಿಕೊಡುವ ಕೆಲಸ. ಹಳೆಯ ನೌಕಾ ವಸ್ತುಗಳ ಹತ್ತು ದಿನದ ಪ್ರದರ್ಶನಕ್ಕೆ ಈ ಗುಂಡನ್ನು ಎರವಲು ಕೇಳಿ ಒಯ್ದವನು ಅವನೇ. ಅತ್ತೆ ಬರಹೇಳಿದ್ದಕ್ಕೆ ಬೆಳಗಿನ ಜಾವದ ರೈಲು ಹಿಡಿದು ಬಂದಿದ್ದ. ದುವ್ವಾಡದಲ್ಲಿ ಅವನನ್ನು ಇಳಿಸಿಕೊಂಡು ಬಂದವನು ನಾನು. ದಾರಿಯುದ್ದಕ್ಕೂ ಚೆನ್ನಾಗಿ ಮಾತಾಡಿದ. ಬಲಗೈ ಹೆಬ್ಬೆರಳ ಬುಡದಲ್ಲಿ ಅಂಟಿಸಿದ್ದ ಪಟ್ಟಿಯ ಬಗ್ಗೆ ಕೇಳಿದಾಗ ಮಾತ್ರ, “ಗಣಪತಿ ಮುಂದೆ ತೆಂಗಿನಕಾಯಿ ಒಡೆಯೋಕೆ ಹೋಗಿ ಆಯ್ತು ಸಾರ್,” ಎಂದು ಕಿಟಕಿಯಾಚೆ ನೋಡಿದ.

ಅತ್ತೆ ಗುಂಡನ್ನು ಮಡಿಲಿಗೆ ತೆಗೆದುಕೊಂಡು, ತಳ ಮೇಲಾಗಿ ತಿರುಗಿಸಿದರು.

“ಸೂರ್ಯಕಾಂತಮ್ನೋರೇ, ಇದರ ಕತೆ ಇನ್ನೊಂದ್ಸಲ ಹೇಳ್ರಿ. ಇವ್ರೆಲ್ಲರ ಮುಂದೆ.”

“ಎಷ್ಟ್ ಸಲ ಹೇಳ್ಲವ್ವಾ? ನಮ್ಮನೀಯವರು ಹಡಗಿನ ಮ್ಯಾಲೆ ಗನ್ನರು. ಅವರ ಹಡಗು ಗುಜರಿಗೆ ಹೋದಾಗ ಇದನ್ನ ನೆನಪಿಗಂತ ಕೊಟ್ರು. ಒಳಗಿನ ಮದ್ದು ಗಿದ್ದು ಎಲ್ಲ ನೇವಿಯವರೇ ತಗದು, ಪಕ್ಕಕ್ಕ ತೂತು ಹೊಡದು, ಕಾಗದ ಬರದು ಕೊಟ್ಟಾರ. ಬರೇ ತೊಗಟಿ ಇದು. ನನಗ ಮೂಗು ಬಾತು ಮೂಗುಬೊಟ್ಟು ತಗದಿದ್ದೆ. ಬಳ್ಳಾರಿ ತವರಿನದು. ಇವರೇನಂದ್ರು? ಬೀರುಗಿಂತ ಇದೇ ವಾಸಿ ಕಣೇ, ಯಾವ ಕಳ್ಳ ಬಂದು ತೋಪಿನ ಗುಂಡು ಮುಟ್ತಾನ, ಅಂದ್ರು. ಬಾಬ್ಜಿ ಕೈಲಿ ತಳದಾಗ ಇಡಿಸಿ ಮುಚ್ಚಿಸಿದ್ರು. ಮುಂದ ಮೊಮ್ಮಗಳು ಹುಟ್ಟಿದ್ರ ಅಕಿ ಮದುವಿಗೆ ತಗೀಬೇಕಂತ ಇಟ್ಟದ್ದು ಅವರು. ತಾವು ಮಾತ್ರ ಮುಂಚೇನೇ ಹೊಂಟ್ರು.”

“ಬಾಬ್ಜಿಯವರೇ, ನೀವೇ ಅಲ್ವಾ ಮುಚ್ಚಿದ್ದು?”

ಟೀ ತಟ್ಟೆ ಹಿಡಿದು ಬಂದ ಬಾಬ್ಜಿ ತಲೆಯಾಡಿಸಿದ. “ಅವುನಮ್ಮಾ. ಎಂಬತ್ತೊಂಬತ್ತು. ಆಗ ನಾನು ವರ್ಕ್‌ಶಾಪಲ್ಲಿ ಫಿಟ್ಟರು. ಆ ಮೂರು ಪಂಚ್ ನಂದೇ.” ಅಷ್ಟು ಹೇಳುವಾಗ ಅವನ ಬೆನ್ನು ಇನ್ನೂ ಸ್ವಲ್ಪ ನೆಟ್ಟಗಾಯಿತು. ಕೆಲಸಗಾರನ ಹೆಮ್ಮೆ.

“ಚೊಲೊ ಪಂಚ್! ಮೂರೂ ಸರಿಸಮ ದೂರ. ನನ್ನ ಹುಡುಗ್ರಿಗೆ ಇದನ್ನ ತೋರಿಸಿ ಮಾರ್ಕ್ಸ್ ಕೊಡಬಹುದಿತ್ತು,” ಎಂದು ಅತ್ತೆ ಭೂತಗನ್ನಡಿ ತೆಗೆದರು. “ಸುಮಂತಾ, ಬಾ ಇಲ್ಲಿ. ಏನ್ ಕಾಣ್ತೈತೆ ಜೋರಾಗಿ ಹೇಳು.”

ನಾನು ಬಗ್ಗಿ ನೋಡಿದೆ. ಗುಂಡಿನ ತಳದ ನಡುವೆ ಎಂಟಾಣೆಯ ಅಗಲದ ಒಂದು ಹಿತ್ತಾಳೆ ಬಿಲ್ಲೆ. ಅದರಲ್ಲಿ ಎದುರುಬದುರಾಗಿ ಎರಡು ಪುಟ್ಟ ಕುಳಿ. ಬಿಲ್ಲೆಗೂ ಉಕ್ಕಿನ ತಳಕ್ಕೂ ನಡುವೆ ಕೂದಲೆಳೆಯಂಥ ಗೆರೆ. ಆ ಗೆರೆಯ ಮೇಲೆ ಮೂರು ಕಡೆ ಪಂಚ್, ಅಂದರೆ ಉಕ್ಕಿನ ಮೊಳೆಯಿಟ್ಟು ಸುತ್ತಿಗೆಯಿಂದ ಗುದ್ದಿದ ಗುರುತು. ಕುಳಿಗಳ ಸುತ್ತ ಹೊಸ ಗೀರುಗಳು ಬಿಸಿಲಿಗೆ ಮಿಂಚುತ್ತಿದ್ದವು.

“ಅದು ಬಿಲ್ಲೆ ಅಲ್ಲಪ್ಪ, ಕೊಳವೆ ತಳ,” ಎಂದರು ಅತ್ತೆ. “ಅದರ ಹೆಸರು ಟ್ರೇಸರ್. ಗುಂಡು ಹಾರೋವಾಗ ಹಿಂದ್ಗಡೆ ಉರಿಯೋ ದೀಪ ಅಂತಿಟ್ಕೋ.”

“ಬೆಂಕಿ ಬಾಲ ಅಂತಿದ್ರು ನಮ್ಮನೀಯವರು,” ಎಂದರು ಸೂರ್ಯಕಾಂತಮ್ಮ. “ಗುಂಡು ಎಲ್ಲಿ ಹೊಂಟೈತಿ ಅಂತ ಕಣ್ಣಿಗೆ ಕಾಣಬೇಕಲ್ಲ. ಕಂಡ್ರ ತಾನೇ ತೋಪು ಅತ್ತಿತ್ತ ಸರಸೋದು.”

“ಹಂಗೇ. ಕೆಲವು ಗುಂಡಿನಾಗೆ ಆ ಮಸಾಲೆನ ತಳದ ಕುಳಿಗೇ ಒತ್ತಿ ತುಂಬಿ, ಮೇಲೊಂದು ತಗಡಿಟ್ಟು ಅಂಚು ಮಡಚಿಬಿಡ್ತಿದ್ರು. ಹೋಳಿಗೆ ಅಂಚು ಒತ್ತಿದಂಗೆ. ಇದು ಬೇರೆ ಜಾತಿ. ಇದಕ್ಕೆ ಮಸಾಲೆ ತುಂಬಿದ ಕೊಳವೆ ಬೇರೆ, ಅದಕ್ಕೆ ಥ್ರೆಡ್ಡು. ತಿರುಪಿ ಕೂರಿಸೋದು. ಆದ್ರೆ ಬರೀ ತಿರುಪಿದ್ರೆ ಸಾಕಾ? ತೋಪಿನಿಂದ ಚಿಮ್ಮೋ ಜೋರಿಗೆ ಸಡಿಲಾಗಿ ಹಿಂದ್ಕೆ ಉದುರಿಬಿಟ್ರೆ? ಅದಕ್ಕೇ ತಳಕ್ಕೂ ಕೊಳವೆಗೂ ಸೇರಿದ ಗೆರೆ ಮೇಲೆ ಪಂಚ್ ಹೊಡೆಯೋದು. ಲೋಹ ಉಬ್ಬಿ ಒಂದನ್ನೊಂದು ಕಚ್ಕಂತಾವೆ.”

“ಮೇಡಂ, ಪಾಠ ಚೆನ್ನಾಗಿದೆ,” ಎಂದ ತಿರುಮಲೇಶ್, ಗಡಿಯಾರ ನೋಡುತ್ತ. “ಆದರೆ ಇದರಿಂದ ಗೊತ್ತಾಗೋದೂ ಬಾಬ್ಜಿಗೆ ಇದೆಲ್ಲ ಗೊತ್ತಿತ್ತು ಅಂತಲೇ.”

“ಅದನ್ನೇ ನಾನೂ ಹೇಳೋದು. ಬಾಬ್ಜಿಗೆ ಗೊತ್ತಿತ್ತು.” ಅತ್ತೆ ಚೀಲಕ್ಕೆ ಕೈ ಹಾಕಿದರು. ನಾನು ಚಟ್ನಿಪುಡಿ ಎಂದುಕೊಂಡೆ. ಬಂದದ್ದು ಗಾಜುವಾಕದ ವರ್ಕ್‌ಶಾಪೊಂದರಲ್ಲಿ ನಿನ್ನೆ ಮಾಡಿಸಿದ್ದ ಎರಡು ಹಲ್ಲಿನ ಚಾವಿ. ಆ ಎರಡು ಕುಳಿಗೆ ಸರಿಯಾಗಿ ಕೂರುವಂಥದ್ದು. “ಈಗ ಒಂದು ಆಟ ಆಡೋಣ. ಬಿಚ್ಚೋದು ಬೇಡ. ಈ ಚಾವಿ ಹಿಡಿದು ಗಾಳಿಯಾಗೆ ತೋರಿಸ್ರಿ, ಯಾವ ಕಡೆ ತಿರುಗಿಸ್ತೀರಿ ಅಂತ. ಮೊದ್ಲು ಸೂರ್ಯಕಾಂತಮ್ನೋರು.”

ಆಕೆ ನಗುತ್ತ ಚಾವಿ ಹಿಡಿದು ಎಡಕ್ಕೆ ತಿರುಗಿಸಿದರು. “ಡಬ್ಬಿ ಮುಚ್ಚಳ ತಗಿಯೋದು ಯಾರಿಗೆ ಬರಂಗಿಲ್ಲ?”

ತಿರುಮಲೇಶ್ “ಇದೇನು ಮಕ್ಕಳಾಟ” ಎನ್ನುತ್ತಲೇ ಎಡಕ್ಕೆ ತಿರುಗಿಸಿದ. ನಾನೂ ಎಡಕ್ಕೇ. ಸುಮುಖನ ಕೈಗೆ ಬಂದಾಗ ಅವನು ಒಂದು ಗಳಿಗೆ ತಡೆದ. ಆಮೇಲೆ ಅವನೂ ಎಡಕ್ಕೆ.

ಬಾಬ್ಜಿ ಚಾವಿ ತೆಗೆದುಕೊಳ್ಳಲೇ ಇಲ್ಲ. ಖಾಲಿ ಕೈಯನ್ನೇ ಬಲಕ್ಕೆ ತಿರುಗಿಸಿ, “ಬಲಕ್ಕಂಡಿ,” ಎಂದ. “ಉಲ್ಟಾ ಥ್ರೆಡ್ಡು.”

“ಉಲ್ಟಾ ಯಾಕೆ?” ನಾನು ಕೇಳಿದೆ.

“ಬಸ್ಸು ಝಗ್ಗಂತ ಹೊರಟ್ರೆ ನಿಂತವರು ಯಾವ ಕಡೆ ವಾಲ್ತಾರೋ?” ಎಂದರು ಅತ್ತೆ.

“ಹಿಂದಕ್ಕೆ.”

“ತೋಪಿನ ನಳಿಗೆ ಒಳಗೆ ಸುತ್ತು ಗೀರು ಇರ್ತಾವೆ. ಗುಂಡು ಅದರಾಗೆ ಬಲಕ್ಕೆ ಗರ್ರಂತ ತಿರುಗ್ತಾ ಹೊರಡ್ತೈತೆ. ಒಳಗಿನ ಕೊಳವೆ ಬಸ್ಸಿನಾಗೆ ನಿಂತ ಪ್ಯಾಸೆಂಜರ್ ಇದ್ದಂಗೆ. ತಾನು ಹಿಂದುಳೀತೈತೆ, ಅಂದ್ರೆ ಎಡಕ್ಕೆ ತಿರುಗಾಕೆ ನೋಡ್ತೈತೆ. ಮಾಮೂಲಿ ಥ್ರೆಡ್ ಆದ್ರೆ ಅಲ್ಲೇ ಬಿಚ್ಕಂಡ್ತು. ಉಲ್ಟಾ ಆದ್ರೆ, ಹಾರೋ ಜೋರಿಗೆ ಇನ್ನೂ ಬಿಗಿಯಾಗ್ತೈತೆ. ಸೈಕಲ್ಲಿನ ಎಡಗಡೆ ಪೆಡಲ್ಲೂ ಹಿಂಗೇ, ಉಲ್ಟಾ. ಕೇಳು ಬೇಕಾದ್ರೆ ಬಾಬ್ಜಿಯವರನ್ನ.”

ಬಾಬ್ಜಿ ಮೊದಲ ಸಲ ನಕ್ಕ. “ಎಡ ಪೆಡಲ್ಲು ಬಿಚ್ಚೋಕೆ ಹೋಗಿ ಕೈ ಮುರ್ಕೊಂಡೋರು ಎಷ್ಟೋ ಜನ.”

“ಕೈ ಮುರ್ಕಂಡೋರು,” ಎಂದು ಅತ್ತೆ ಮೆಲ್ಲಗೆ ಪುನರುಚ್ಚರಿಸಿದರು. “ಅಥವಾ ಹೆಬ್ಬೆರಳು ಕುಯ್ಕಂಡೋರು.”

ಸುಮುಖನ ಟೀ ಲೋಟ ಬಾಯಿಯ ಹತ್ತಿರ ನಿಂತಿತು.

ಅತ್ತೆ ಅವನ ಕಡೆ ನೋಡಲಿಲ್ಲ. ಗುಂಡಿನ ತಳವನ್ನು ತಿರುಮಲೇಶನ ಮೂಗಿನ ಹತ್ತಿರ ಹಿಡಿದರು. “ಈ ಮೂರು ಪಂಚಿನ ಗುರುತು ನೋಡ್ರಿ. ಹೊಡೆದಾಗ ಪೂರ್ತಿ ಗುಂಡಗಿದ್ವು. ಅರ್ಧ ತಳದ ಮೇಲೆ, ಅರ್ಧ ಕೊಳವೆ ಮೇಲೆ. ಈಗ?”

ತಿರುಮಲೇಶ್ ಕನ್ನಡಕ ಏರಿಸಿಕೊಂಡ. “ಅರ್ಧ ಅರ್ಧ ಆಗಿದಾವೆ. ಒಂದಕ್ಕೊಂದು ಕೂಡ್ತಿಲ್ಲ. ಅರ್ಧಚಂದ್ರದ ಹಾಗೆ.”

“ಕೊಳವೆ ಮೇಲಿನ ಚಂದ್ರ ಯಾವ ಕಡೆ ಸರಿದೈತೆ?”

“ಎಡಕ್ಕೆ. ಅರ್ಧ ಅಕ್ಕಿಕಾಳಿನಷ್ಟು.”

“ಎಡಕ್ಕೆ ಅಂದ್ರೆ ಬಿಗಿಯೋ ಕಡೆಗೆ. ಯಾರೋ ಪುಣ್ಯಾತ್ಮ ಬಿಚ್ತೀನಂತ ಹೋಗಿ ಮೈಯೆಲ್ಲಾ ಬಲ ಹಾಕಿ ಬಿಗಿದು ಬಂದಾನೆ! ಮೂವತ್ತು ವರ್ಷ ಇದೇ ಕೆಲಸ ಮಾಡಿದ ಬಾಬ್ಜಿ ಇಂಥ ತಪ್ಪು ಮಾಡ್ತಾನಾ? ನಿದ್ದೆಗಣ್ಣಾಗೂ ಬಲಕ್ಕೇ ತಿರುಗಿಸ್ತಾನೆ.”

ಸೂರ್ಯಕಾಂತಮ್ಮ ಚಪ್ಪಾಳೆ ತಟ್ಟಿಯೇಬಿಟ್ಟರು. ತಿರುಮಲೇಶ್ ಮಾತ್ರ ಬಿಡಲಿಲ್ಲ. ಅವನ ಬಗ್ಗೆ ನನಗೆ ಆ ಗಳಿಗೆಯಲ್ಲಿ ಗೌರವ ಹುಟ್ಟಿತೆಂದೇ ಹೇಳಬೇಕು. ಹಟಮಾರಿ, ಆದರೆ ತಲೆಯಿರುವ ಹಟಮಾರಿ.

“ಒಂದು ನಿಮಿಷ ಮೇಡಂ. ಮೊದಲು ಸರಿಯಾಗಿ ಬಲಕ್ಕೆ ತಿರುಗಿಸಿ ಬಿಚ್ಚಿ, ಮೂಗುಬೊಟ್ಟು ತಗೊಂಡು, ವಾಪಸ್ ಹಾಕುವಾಗ ಸ್ವಲ್ಪ ಹೆಚ್ಚಿಗೆ ಬಿಗಿದಿದ್ರೆ? ಆಗಲೂ ಗುರುತು ಹೀಗೇ ಇರುತ್ತಲ್ಲ.”

“ಶಭಾಷ್! ಈ ಪ್ರಶ್ನೆ ಕೇಳ್ಲಿಲ್ಲ ಅಂದಿದ್ರೆ ನನಗೇ ಬೇಜಾರಾಗ್ತಿತ್ತು.” ಅತ್ತೆ ಭೂತಗನ್ನಡಿಯನ್ನು ಅವನ ಕೈಗೇ ಕೊಟ್ಟರು. “ಪಂಚ್ ಹೊಡೆದಾಗ ಲೋಹ ಉಬ್ಬಿರ್ತೈತೆ ಅಂದೆನಲ್ಲ. ಒಂದು ಪೂರ್ತಿ ಸುತ್ತು ಬಿಚ್ಚಿದ್ರೂ ಸಾಕು, ಆ ಉಬ್ಬು ಗೆರೆ ಗುಂಟ ಸುತ್ತಾ ಗೀಚಿಕೊಂಡು ಹೋಗಬೇಕು. ಹುಡುಕ್ರಿ.”

ತಿರುಮಲೇಶ್ ಹುಡುಕಿದ. ಕಿಟಕಿಯ ಹತ್ತಿರ ಹೋಗಿ ಹುಡುಕಿದ. ಕನ್ನಡಕ ತೆಗೆದು ಹುಡುಕಿದ, ಹಾಕಿಕೊಂಡು ಹುಡುಕಿದ.

“ಪ್ರತಿ ಚಂದ್ರದ ಪಕ್ಕ ಅರ್ಧ ಅಕ್ಕಿಕಾಳಿನಷ್ಟು ಗೀರಿದೆ. ಆಮೇಲೆ... ಮಿಕ್ಕಿದ್ದೆಲ್ಲ ಹಳೇ ಕಿಲುಬು. ಹಾಗೇ ಇದೆ.”

“ಅಂದ್ರೆ?”

“ಬಿಚ್ಚೇ ಇಲ್ಲ.” ಅವನು ಗುಂಡನ್ನು ಮೇಜಿನ ಮೇಲೆ ಬಹಳ ಜೋಪಾನವಾಗಿ ಇಟ್ಟ. “ಎಂಬತ್ತೊಂಬತ್ತರಿಂದ ಇದನ್ನ ಯಾರೂ ಬಿಚ್ಚೇ ಇಲ್ಲ.”

“ಇನ್ನೊಂದ್ಸಲ ಹೇಳ್ರಿ. ಬಾಬ್ಜಿಯವರಿಗೆ ಕೇಳ್ಲಿ.”

“ಎಂಬತ್ತೊಂಬತ್ತರಿಂದ ಯಾರೂ ಬಿಚ್ಚಿಲ್ಲ,” ಎಂದ ತಿರುಮಲೇಶ್. ಆಮೇಲೆ ಜೇಬಿನಿಂದ ಕಂಪ್ಲೇಂಟಿನ ಕಾಗದ ತೆಗೆದು, ನಾಲ್ಕಾಗಿ ಮಡಚಿ, ಹರಿಯಲು ಮನಸ್ಸಾಗದೆ ವಾಪಸ್ ಜೇಬಿಗಿಟ್ಟುಕೊಂಡ.

ಇನ್ನು ಸುಮುಖನ ಸರದಿ.

ಅತ್ತೆ ಮತ್ತೆ ಚೀಲಕ್ಕೆ ಕೈ ಹಾಕಿದರು. ಈ ಸಲ ಬಂದದ್ದು ಕೆಂಪು ಮಖಮಲ್ಲಿನ ಚೂರಿನಲ್ಲಿ ಸುತ್ತಿದ ಒಂದು ದೊಡ್ಡ ಕತ್ತರಿ. ಉದ್ಘಾಟನೆಗೆ ಬರುವ ಗಣ್ಯರ ಕೈಗೆ ತಟ್ಟೆಯಲ್ಲಿಟ್ಟು ಕೊಡುತ್ತಾರಲ್ಲ, ಅಂಥದ್ದು. ಮೊನ್ನೆ ನಾವಿಬ್ಬರೂ ವಿಜಯವಾಡಕ್ಕೆ ಹೋಗಿದ್ದೆವು. ನಾನು ಕೃಷ್ಣೆಯ ದಡದಲ್ಲಿ ಗಾಳಿ ಸೇವಿಸಿ, ಆವಕಾಯಿ ಅನ್ನ ಉಂಡು ಕಣ್ಣಲ್ಲಿ ನೀರು ತರಿಸಿಕೊಳ್ಳುವಷ್ಟರಲ್ಲಿ, ಅತ್ತೆ ಪ್ರದರ್ಶನದ ಹಾಲಿನ ಕಾವಲುಗಾರನಿಗೆ ಚಟ್ನಿಪುಡಿ ಕೊಟ್ಟು ಸ್ನೇಹ ಮಾಡಿಕೊಂಡು, ಸಾಮಾನಿನ ಕೋಣೆಯನ್ನೆಲ್ಲ ಜಾಲಾಡಿ ಬಂದಿದ್ದರು.

“ಸುಮುಖ, ಈ ಕತ್ತರಿ ಗುರುತೈತಾ?”

“ರಿಬ್ಬನ್ ಕತ್ತರಿ. ನಮ್ಮದೇ ಮೇಡಂ.”

“ಇದರ ಒಂದು ತುದಿ ಎಲ್ಲಿ?”

ಕತ್ತರಿಯ ಒಂದು ಅಲಗಿನ ತುದಿ ಮುರಿದಿತ್ತು. ಅತ್ತೆ ಗುಂಡನ್ನು ಬೋರಲು ಹಿಡಿದು, ತಲೆಯ ಹೇರ್‌ಪಿನ್ ತೆಗೆದು, ಬಲಗಡೆಯ ಕುಳಿಯನ್ನು ಕೆದಕಿದರು. ಸಾಸಿವೆ ಗಾತ್ರದ ಉಕ್ಕಿನ ಚೂರೊಂದು ಮೇಜಿನ ಮೇಲೆ ಟಿಣ್ಣೆಂದು ಬಿತ್ತು. ಕತ್ತರಿಯ ಮುರಿದ ತುದಿಗೆ ಅದನ್ನು ಹಿಡಿದರೆ ತವರಿಗೆ ಬಂದ ಮಗಳಂತೆ ಹೋಗಿ ಕೂತುಕೊಂಡಿತು.

“ಎರಡು ಕಾಲು ಅಗಲಿಸಿ, ಎರಡು ಕುಳಿಗೆ ಇಟ್ಟು, ಎಡಕ್ಕೆ ತಿರುಗಿಸಿದ್ದೀಯ. ಜಾರಿ ಹೆಬ್ಬೆರಳಿಗೆ ಬಿದ್ದೈತೆ. ತೆಂಗಿನಕಾಯಿ ಕತೆ ನಮ್ಮ ಸುಮಂತನಿಗೆ ಸರಿ, ನನಗೆ ಹೇಳಬೇಡ.”

ನನ್ನನ್ನು ಯಾಕೆ ಎಳೆದರೋ ಗೊತ್ತಿಲ್ಲ. ಸುಮುಖ ತಲೆ ತಗ್ಗಿಸಿದ. ಅವನ ಕಿವಿ ಕೆಂಪಾಗಿತ್ತು.

“ಕದಿಯೋಕೆ ಅಲ್ಲ ಮೇಡಂ, ದೇವರಾಣೆ. ಬಂದ ಜನ ಎಲ್ಲ ಗುಂಡು ಅಲ್ಲಾಡಿಸಿ ಒಳಗೇನಿದೆ, ಒಳಗೇನಿದೆ ಅಂತ ಕೇಳೋರು. ಬಿಚ್ಚೋದನ್ನ ಒಂದು ವಿಡಿಯೊ ಮಾಡಿ ಹಾಕಿದ್ರೆ ಪ್ರದರ್ಶನಕ್ಕೆ ಜನ ಮುಗಿಬೀಳ್ತಾರೆ ಅನ್ನಿಸ್ತು. ಬಾಬ್ಜಿ ಊಟಕ್ಕೆ ಹೋದಾಗ ಪ್ರಯತ್ನಪಟ್ಟೆ. ಅಲ್ಲಾಡಲಿಲ್ಲ. ಆಮೇಲೆ ನೋಡ್ತೀನಿ, ಸದ್ದೇ ನಿಂತುಹೋಗಿದೆ! ಒಳಗಿನ ವಜ್ರ ಪುಡಿ ಆಯ್ತೇನೋ ಅಂತ ಪ್ರಾಣ ಬಾಯಿಗೆ ಬಂತು.”

“ಅದಕ್ಕ ಬಾಯಿ ಮುಚ್ಚಿಕೊಂಡು ಕುಂತ್ಯಾ?” ಸೂರ್ಯಕಾಂತಮ್ಮ ಎದ್ದೇ ನಿಂತರು. “ಇವನ ಮ್ಯಾಲೆ ಕಳ್ಳ ಅಂತ ಬರೀಲಿಕ್ಕ ಹತ್ತಿದ್ರು, ನೀ ಅಲ್ಲಿ ಕುಂತು ಸಕ್ಕರಿ ಕಮ್ಮಿ ಟೀ ಕೇಳ್ತಿ! ಎಷ್ಟ್ ಮೃದು ಮಾತು, ಎಷ್ಟ್ ಮೃದು ಮಾತು ಅಂತಿದ್ದೆ ನಾನು. ಮಾತಿಗೇನು ಬೆಂಕಿ ಹಚ್ಲ್ಯಾ?”

“ತಪ್ಪಾಯ್ತಮ್ಮಾ. ಪೊಲೀಸು ಅಂದ ಕೂಡಲೇ ಹೇಳಬೇಕು ಅಂತಲೇ ಇವತ್ತು ಬಂದೆ. ಬಂದ ಮೇಲೆ ಧೈರ್ಯ ಸಾಲಲಿಲ್ಲ.” ಸುಮುಖ ಬಾಬ್ಜಿಯ ಕಡೆ ತಿರುಗಿ ಕೈಮುಗಿದ. ಪಟ್ಟಿ ಕಟ್ಟಿದ ಹೆಬ್ಬೆರಳು ಆ ಕೈಮುಗಿತದಲ್ಲಿ ಪಕ್ಕಕ್ಕೆ ಚಾಚಿಕೊಂಡು ತಮಾಷೆಯಾಗಿ ಕಂಡಿತು.

“ಪೋನೀಯಂಡಿ,” ಎಂದ ಬಾಬ್ಜಿ. “ಹೋಗ್ಲಿ ಬಿಡಿ. ಹೆಬ್ಬೆರಳಿಗೆ ಅರಿಶಿನ ಹಚ್ಚಿ.”

ಸೂರ್ಯಕಾಂತಮ್ಮನವರ ಕಣ್ಣು ತುಂಬಿತು. ಅದರ ಜೊತೆಗೇ ನಗು. “ಗುರುವಾರ ಬುಟ್ಟಿ ಹೊರಲಿಕ್ಕ ತೋಳು ಗಟ್ಟಿ ಮಾಡ್ಕೋ ಬಾಬ್ಜಿ. ನಮ್ಮ ಹುಡುಗಿ ಲಗ್ನ ನಿಕ್ಕಿ ಆದಾಗಿಂದ ಆರು ಕಿಲೋ ಏರ್ಯಾಳ.”

ಎಲ್ಲರೂ ನಕ್ಕರು. ಆ ನಗುವಿನ ಮಧ್ಯೆ ಅತ್ತೆ ಎರಡು ಹಲ್ಲಿನ ಚಾವಿಯನ್ನು ಕೈಗೆತ್ತಿಕೊಂಡರು.

“ಈಗ ಬಿಚ್ಚಿಬಿಡೋಣ. ಒಳಗೆ ಐತೆ ಅನ್ನೋದು ಗೊತ್ತಾಯ್ತು. ಸದ್ದು ಯಾಕೆ ನಿಂತಿತು ಅನ್ನೋದು ಬಾಕಿ. ಬಾಬ್ಜಿಯವರೇ, ಮುಚ್ಚಿದ ಕೈಯೇ ತೆಗೀಲಿ. ಬರ್ರಿ.”

ಬಾಬ್ಜಿ ಬರಲಿಲ್ಲ.

“ತೆಗೆಯೋದು ಯಾಕಮ್ಮಾ?” ಎಂದ. “ನನ್ನ ಹೆಸರು ನನಗೆ ಬಂತು. ಅದು ಹಂಗೇ ಇರ್ಲಿ. ದೊಡ್ಡೋರ ಕೈಯಿಂದ ಇಟ್ಟಿದ್ದು.”

“ಅಲ್ಲೋ, ಗುರುವಾರ ಲಗ್ನ! ಹುಡುಗಿ ಮೂಗಿಗೆ ಹಾಕಲಿಕ್ಕೇ ಅಲ್ಲೇನು ಇಟ್ಟದ್ದು?” ಎಂದರು ಸೂರ್ಯಕಾಂತಮ್ಮ.

“ನಾನು ಮುಟ್ಟಲ್ಲಮ್ಮಾ. ಅವರೇ ತೆಗೀಲಿ.” ಅವನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ತನ್ನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ. ಇಷ್ಟು ಹೊತ್ತಿನ ಅವಮಾನದ ಮೇಲೆ ಅದನ್ನು ಮುಟ್ಟಲು ಮನಸ್ಸಾದೀತೇ ಎಂದುಕೊಂಡೆ ನಾನು. ಅತ್ತೆಯೂ ಹಾಗೇ ಅಂದುಕೊಂಡಿರಬೇಕು. ಆ ಹೊತ್ತಿಗೆ ಅವರ ಕಣ್ಣೆಲ್ಲ ಆ ಹಿತ್ತಾಳೆಯ ಮೇಲೆ.

ಗುಂಡನ್ನು ನಾನು ತೊಡೆಯ ನಡುವೆ ಬಿಗಿಹಿಡಿದೆ. ಅತ್ತೆ ಚಾವಿ ಇಟ್ಟು, “ಜೈ ಆಂಜನೇಯ” ಎಂದು ಬಲಕ್ಕೆ ತಿರುಗಿಸಿದರು. ಒಂದು ಸಲ ಕಿರ್ರೆಂದಿತು. ಎರಡನೇ ಸಲಕ್ಕೆ ಬೆಣ್ಣೆಯಾಯಿತು. ಮೂವತ್ತಾರು ವರ್ಷದ ಹಿಂದೆ ಬಾಬ್ಜಿ ಬಳಿದಿದ್ದ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಹೆಬ್ಬೆರಳಿನಷ್ಟು ಉದ್ದದ ಖಾಲಿ ಕೊಳವೆ ಹೊರಗೆ ಬಂತು.

“ನೋಡ್ರಿ, ನೋಡ್ರಿ!” ಅತ್ತೆಯ ದನಿ ಕ್ಲಾಸಿನಲ್ಲಿದ್ದಾಗಿನ ದನಿಯಾಯಿತು. “ಕೊಳವೆ ಕೂರೋ ಕುಳಿ ತುದಿಗೂ ಕೊಳವೆ ತಲೆಗೂ ನಡುವೆ ಕಡಲೆಕಾಳು ಹಿಡಿಯುವಷ್ಟು ಜಾಗ ಬಿಟ್ಟಾರೆ. ಸುತ್ತ ಸೀಸದ ಉಂಗುರ. ಅದು ಮೆತ್ತಗಿರ್ತೈತಲ್ಲ, ಸುಮುಖ ಬಿಗಿದ ಜೋರಿಗೆ ಹಿಂಡಿಕೊಂಡು ಒಳಕ್ಕೆ ಉಬ್ಬೈತೆ. ಉಬ್ಬಿ ಇದನ್ನ ಕಚ್ಚಿ ಹಿಡಿದೈತೆ. ಅದಕ್ಕೇ ಸದ್ದಿಲ್ಲ. ಪುಡಿಯೂ ಆಗಿಲ್ಲ, ಏನೂ ಆಗಿಲ್ಲ!”

ಸೀಸದ ಉಂಗುರವನ್ನು ಹೇರ್‌ಪಿನ್ನಿನಿಂದ ಬಿಡಿಸಿ, ಅದರ ಹಿಡಿತದಿಂದ ಮೂಗುಬೊಟ್ಟನ್ನು ಮೆಲ್ಲಗೆ ಎಬ್ಬಿಸಿ, ಸೆರಗಿನಿಂದ ಗ್ರೀಸು ಒರೆಸಿ, ಅತ್ತೆ ಅದನ್ನು ಸೂರ್ಯಕಾಂತಮ್ಮನವರ ಅಂಗೈ ಮೇಲಿಟ್ಟರು.

ಸುಮುಖ ಶಿಳ್ಳೆ ಹೊಡೆದ. ತಿರುಮಲೇಶ್ ಕೂಡ ಹಲ್ಲು ಬಿಟ್ಟ. ಸೂರ್ಯಕಾಂತಮ್ಮ ಕನ್ನಡಕ ಹುಡುಕಿ, ಹಾಕಿಕೊಂಡು, ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು.

“ಏನಮ್ಮಾ, ಮುರಿದಿದೆಯಾ?” ಸುಮುಖನಿಗೆ ಮತ್ತೆ ಜೀವ ಹೋಯಿತು.

“ಮುರಿದಿಲ್ಲ,” ಎಂದರು ಆಕೆ. “ಇದು ನಂದಲ್ಲ.”

“ಅಂದ್ರೆ?”

“ನಂದು ಒಂಟಿ ಕಲ್ಲು. ಬಿಳೀ ವಜ್ರ. ಇದರಾಗ ಏಳು ಕೆಂಪು ಕಲ್ಲು ಅದಾವ. ಇದನ್ನ ನಾ ಜೀವಮಾನದಾಗ ಕಂಡಿಲ್ಲ.”

“ಹಾಗಾದ್ರೆ ಯಾರೋ ಬದಲಾಯಿಸಿದ್ದಾರೆ!” ಎಂದ ಸುಮುಖ, ತಾನಲ್ಲ ಎಂಬ ಸಂತೋಷ ಮುಚ್ಚಿಡಲಾಗದೆ.

“ಬದಲಾಯಿಸಬೇಕಾದ್ರೆ ಬಿಚ್ಚಬೇಕಲ್ಲ?” ತಿರುಮಲೇಶ್ ಬೆರಳು ಮಡಚಲು ಶುರುಮಾಡಿದ. “ಬಿಚ್ಚಿಲ್ಲ ಅಂತ ಈಗ ತಾನೇ ಮೇಡಂ ತೋರಿಸಿದ್ರು. ನಾನೇ ಕಣ್ಣಾರೆ ನೋಡಿದೆ. ಎಂಬತ್ತೊಂಬತ್ತರಲ್ಲಿ ಮುಚ್ಚಿದ ಮೇಲೆ ಯಾರೂ ಬಿಚ್ಚಿಲ್ಲ. ಅಂದ ಮೇಲೆ ಇದನ್ನ ಒಳಗಿಟ್ಟದ್ದು, ಮುಚ್ಚುವಾಗಲೇ, ಮುಚ್ಚಿದ ಕೈಯೇ...”

ಎರಡನೇ ಬೆರಳು ಮಡಚುವ ಮೊದಲೇ ಅವನ ಕೈ ನಿಂತಿತು.

ಅತ್ತೆಯ ಮುಖವನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಕೈಯಲ್ಲಿದ್ದ ಹಿತ್ತಾಳೆ ಕೊಳವೆಯನ್ನು, ತಾವೇ ಹೊಗಳಿದ ಆ ಮೂರು ಅರ್ಧಚಂದ್ರಗಳನ್ನು, ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಬಾಬ್ಜಿಯವರೇ,” ಎಂದರು, ತಲೆಯೆತ್ತದೆ. “ಇದು ಯಾರದು?”

ಎಲ್ಲರೂ ಬಾಗಿಲ ಕಡೆ ತಿರುಗಿದೆವು.

ಸ್ಟೂಲಿನ ಮೇಲೆ ಟೀ ಲೋಟ ಮಾತ್ರ ಇತ್ತು, ಅಂಚಿನವರೆಗೆ ತುಂಬಿದ್ದು ತುಂಬಿದ ಹಾಗೇ. ನಾನು ವರಾಂಡಕ್ಕೆ ಓಡಿದೆ. ಗೇಟು ಅರ್ಧ ತೆರೆದಿತ್ತು, ಸೈಕಲ್ ಇರಲಿಲ್ಲ. ಕ್ಯಾರಿಯರಿನಿಂದ ಬಿಚ್ಚಿದ ಹಗ್ಗವನ್ನು ನೀಟಾಗಿ ಸುತ್ತಿ ಬಿದಿರ ಬುಟ್ಟಿಯೊಳಗಿಟ್ಟು, ಆ ಬುಟ್ಟಿಯನ್ನು ಗೇಟಿನ ಒಳಗಡೆ ಗೋಡೆಗೆ ಒರಗಿಸಿ ಹೋಗಿದ್ದ. ಅರಿಶಿನ ಬಳಿಯದ ಬದಿ ನಮ್ಮ ಕಡೆಗಿತ್ತು.